ಸಾರಥಿಯಿಲ್ಲದ ಆಟ

ಯಾರೋ ಬಿದ್ದರು, ಮೆಟ್ಟಿಲ ಮೇಲಿಂದಲೋ ಕುದುರೆಯ ಮೇಲಿಂದಲೋ, ಧೊಪ್ಪೆಂದು ಸದ್ದಾಯಿತು, ಹಿಂದೆಯೇ ಹೆಣ್ಣೊಬ್ಬಳು ಕಿಟಾರನೆ ಕಿರುಚಿದಳು, ಅದರ ಹಿಂದೆ ಪಿಟೀಲುಗಳೆಲ್ಲ ಒಟ್ಟಿಗೆ ಅಳುವುದಕ್ಕೆ ಹತ್ತಿದವು — ಬಿದ್ದವನು ಒಳ್ಳೆಯವನೋ ಕೆಟ್ಟವನೋ, ಸತ್ತನೋ ಇನ್ನೂ ಸಾಯಲಿದ್ದಾನೋ, ಅದೊಂದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಚಾಳಿನ ಅರ್ಧ ಮಂದಿ ಈ ಒಂದು ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾರೆ, ಒದ್ದೆ ಬಟ್ಟೆಯ ವಾಸನೆ, ಪಂಚಮಿಯ ಉಂಡಿಯ ಬೆಲ್ಲದ ವಾಸನೆ, ಬಾಡಿಗೆಗೆ ತಂದ ವಿಸಿಆರ್ ಡಬ್ಬಿ ಕಾದು ಬಿಡುವ ಸುಟ್ಟ ರಬ್ಬರಿನ ವಾಸನೆ, ಇವೆಲ್ಲದರ ನಡುವೆ ಗೋಡೆಗೆ ಬೆನ್ನು ಕೊಟ್ಟು ಕೂತ ರುದ್ರವ್ವನಿಗೆ ಒಳಗೊಳಗೇ ನಗು, ಬಸವಣ್ಣೆವ್ವಾ, ಯಾರು ಬಿದ್ದಾರ. ಬಿದ್ದಾನ ಅತ್ತಿ. ಯಾರವಾ. ಅಂವಾನ ಅತ್ತಿ. ಸೊಸೆಯ ಲೋಕದಲ್ಲಿ ಗಂಡಸರೆಲ್ಲ ಅಂವಾ, ಹೆಂಗಸರೆಲ್ಲ ಅಕಿ, ಅಂವಾ ಬಂದ, ಅಕಿ ಅತ್ತಳು, ಅಂವಾ ಬಂದು ಆ ಇನ್ನೊಬ್ಬ ಅಂವನ್ನ ಹೊಡೆದ, ಹೀಗೆ ಹೇಳಿ ತಾನು ದೊಡ್ಡ ಉಪಕಾರ ಮಾಡಿದೆ ಎಂಬ ಹಾಗೆ ಮತ್ತೊಂದು ಉಂಡಿ ಮುರಿಯುತ್ತಾಳೆ, ಮಗ ಮಹಾಲಿಂಗನದು ಇನ್ನೊಂದು ಬಗೆ, ಏನಿಲ್ಲ ಬಿಡಬೇ, ಸುಮ್ನ ನಿಂತಾರ, ಎಂದುಬಿಡುತ್ತಾನೆ, ಸುಮ್ಮನೆ ನಿಂತವರ ಉಸಿರು ಹೀಗೆ ಏದುತ್ತದೆಯೇ, ಸುಮ್ಮನೆ ನಿಂತವರ ಬಳೆ ಹೀಗೆ ಒಡೆಯುತ್ತವೆಯೇ, ನಲವತ್ತು ಹತ್ತಿರ ಬಂದ ಮಗ ಹೆತ್ತ ತಾಯಿಗೆ ಹೇಳಲು ನಾಚುವಂಥ ಚಿತ್ರವನ್ನು ಅದೇ ತಾಯಿಯ ಪಕ್ಕದಲ್ಲಿ ಕೂತು ಕಣ್ಣರಳಿಸಿ ನೋಡುತ್ತಾನೆ, ಎದುರು ಮನೆಯ ಶಿಂದೆ ಬಾಯಿಯಂತೂ ಮೊಣಕೈಯಿಂದ ತಿವಿದು ಆಜೀ, ಬಘಾ, ಬಘಾ ಅನ್ನುತ್ತಾಳೆ, ನೋಡಂತೆ, ಅಜ್ಜಿ ನೋಡಬೇಕಂತೆ, ನೋಡ್ತೀನಿ ತಾಯಿ, ನೀ ಕಣ್ಣು ಕೊಟ್ಟು ಹೋಗು, ಸಂಜಿಗೆ ತಿರುಗಿ ತಗೊಂಡು ಹೋಗುವಿಯಂತೆ — ಇದನ್ನು ರುದ್ರವ್ವ ಆಡಿ ತೋರಿಸುವುದಿಲ್ಲ, ಹೊರಗೆ ಮರಾಠಿಯಲ್ಲಿ ಹೋ ಹೋ ಎಂದಷ್ಟೇ ಅನ್ನುತ್ತಾಳೆ, ಬಾಯಿ ಅಷ್ಟು, ಮನಸ್ಸು ಇಷ್ಟು, ಬೆಳಗ್ಗೆ ಅಂಗೈಯ ಮೇಲೆ ಲಿಂಗವನ್ನಿಟ್ಟು ಕೂತಾಗಲೂ ಈ ಮನಸ್ಸು ಒಮ್ಮೊಮ್ಮೆ ಹೀಗೆಯೇ ತಿವಿಯುತ್ತದೆ, ಶಿವನೇ, ಇವರನ್ನು ಕಣ್ಣಿಟ್ಟು ಯಾಕೆ ಹುಟ್ಟಿಸಿದೆ, ಕಂಡದ್ದನ್ನು ಹೇಳಲಾರದವರಿಗೆ ಕಾಣಿಸಿ ಏನು ಪ್ರಯೋಜನ.

ಎಂಥ ನಾಚಿಕೆಗೆಟ್ಟ ಮಂದಿ ಈ ಸಿನಿಮಾದವರು, ಹೇಳುವುದಿಲ್ಲ ಕೇಳುವುದಿಲ್ಲ, ಬಾಗಿಲು ಕಿರ್ರೆಂದಿತೋ ಒಳಗೆ ಬಂದರು, ಬಂದವನು ತಾನು ಯಾರು, ಯಾವ ಊರು, ಯಾರ ಮಗ, ಏನು ಕೆಲಸಕ್ಕೆ ಬಂದೆ ಎಂದು ಒಂದು ಮಾತು ಅನ್ನಬೇಡವೇ, ಊರಿನ ದೊಡ್ಡಾಟದಲ್ಲಿ ರಾಕ್ಷಸನಾದರೂ ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದ, ಅಟ್ಟದ ಮೇಲೆ ಧಡಧಡ ಕುಣಿದು ಬಂದು ನಿಲ್ಲುತ್ತಿದ್ದ, ಸಾರಥಿ ಎದುರು ನಿಂತು ಬಂದಂಥವರು ತಾವಾರು ಎಂದು ಕೇಳುತ್ತಿದ್ದ, ಆಗ ರಾಕ್ಷಸ ತನ್ನ ಹೆಸರು, ತನ್ನ ಪಟ್ಟಣ, ತನ್ನ ತಾಯಿತಂದೆ, ತಾನು ಮುಂದೆ ಮಾಡಲಿರುವ ಅನಾಹುತ, ಎಲ್ಲವನ್ನೂ ಒಂದೊಂದಾಗಿ ಒಪ್ಪಿಸಿಯೇ ಅನಾಹುತಕ್ಕೆ ಕೈಹಾಕುತ್ತಿದ್ದ, ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ತೂಕಡಿಸುವ ಮುದುಕರಿಗೂ ಯಾರು ಬಂದರು ಯಾರು ಹೋದರು ಎಂಬುದು ಗೊತ್ತಿರುತ್ತಿತ್ತು, ಕಣ್ಣಿದ್ದವರಿಗೂ ಅದೇ, ಇಲ್ಲದವರಿಗೂ ಅದೇ, ಮತ್ತು ಆ ಸಾರಥಿ ಯಾರು, ಹೊಳಬಸಪ್ಪ, ಅವಳ ಗಂಡ, ಇಪ್ಪತ್ತರ ಹುಡುಗ, ತೆಳ್ಳನೆಯ ಮೀಸೆ, ಪಂಜಿನ ಬೆಳಕಿನಲ್ಲಿ ತುಟಿ ಎಲೆಯಡಿಕೆಯಿಂದ ಕೆಂಪಗೆ — ಅದನ್ನು ಅವಳು ನೋಡಿದ್ದಾಳೆ, ಕಣ್ಣಾರೆ ನೋಡಿದ್ದಾಳೆ, ಆಗಿನ್ನೂ ಕಣ್ಣಿದ್ದವು, ಮಹಾಲಿಂಗ ಎದೆಹಾಲು ಬಿಡುವ ಹೊತ್ತಿಗೆ ಮೈಮೇಲೆ ಅಮ್ಮ ಎದ್ದಳು, ಸಿಡುಬು ಇಳಿದಾಗ ಮಗ ಉಳಿದಿದ್ದ, ಕಣ್ಣು ಉಳಿದಿರಲಿಲ್ಲ, ಮುಖವೆಲ್ಲ ಜೋಳ ಬಿತ್ತಿದ ಹಾಗೆ ಆಗಿತ್ತು, ಬೆರಳಿಟ್ಟರೆ ಕುಳಿಗೆ ಕುಳಿ, ನೆಂಟರು ಹೊಳಬಸಪ್ಪನಿಗೆ ಇನ್ನೊಂದು ಮಾಡಿಕೋ ಅಂದರು, ಆತ ಮಾಡಿಕೊಳ್ಳಲಿಲ್ಲ, ಊರು ಬಿಟ್ಟು ಪುಣೆಗೆ ಬಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾದಾಗ ಅವಳನ್ನೂ ಕರೆದುಕೊಂಡು ಬಂದ, ಹಿಂದೆಯೇ ಕಿವುಡ ತಮ್ಮನನ್ನೂ ಕರೆಸಿಕೊಂಡ, ದೇವರಂಥ ಮನುಷ್ಯ ಎಂದು ಈಗಲೂ ಮಂದಿ ಅನ್ನುತ್ತಾರೆ, ಅವಳೂ ಅನ್ನುತ್ತಾಳೆ, ಯಾಕೆಂದರೆ ಈ ಕೋಣೆಯಲ್ಲಿ ಅವಳಿಗೂ ಒಬ್ಬ ಸಾರಥಿ ಇದ್ದ, ಬಾಗಿಲ ಬಳಿ ಚಪ್ಪಲಿಯ ಸದ್ದಾಗುವುದೇ ತಡ, ಬಂದಂಥವರು ಯಾರು, ಕೈಯಾಗ ಕೊಡಿ, ಬಗಲಾಗ ಚೀಲ, ಮಾರಿ ಮ್ಯಾಲ ಸಾಲಾ ಕೇಳೋ ಕಳಿ, ಇವರು ಪೋತದಾರ ಮಾಸ್ತರರೇ ಆಗಬೇಕು, ಹೀಗೆ ಆಟದ ದನಿಯಲ್ಲಿ ಹಾಡಿ ಹೇಳುತ್ತಿದ್ದ, ಬಂದವರು ನಗುತ್ತಿದ್ದರು, ಅವಳು ನಗುತ್ತಿದ್ದಳು, ಮಗಳು ಕಲ್ಲವ್ವ ಹುಟ್ಟಿದಾಗ ಆಸ್ಪತ್ರೆಯ ಮಂಚದ ಪಕ್ಕ ನಿಂತು ಬಂದಂಥವಳು ಯಾರು ಎಂದು ಶುರು ಮಾಡಿ ಮೂಗು ಹೇಗೆ, ಗಲ್ಲ ಹೇಗೆ, ಅಷ್ಟನ್ನೂ ಹೇಳಿ ಮುಗಿಸಿದ್ದ, ಇಂದಿಗೂ ಮಗಳ ಮುಖವೆಂದರೆ ಅವಳಿಗೆ ಗಂಡನ ದನಿಯೇ.

ಆ ದನಿ ಹೋಗಿ ಒಂದು ವರ್ಷದ ಮೇಲಾಯಿತು, ಹಿಂದಿನ ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ, ಉಳಿದದ್ದು ಯಾರು, ಅಗೋ ಮೂಲೆಯಲ್ಲಿ ಖೊಕ್ಕೆಂದು ನಕ್ಕನಲ್ಲ, ಗುರಣ್ಣ, ಮೈದುನ, ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬನೇ ನಗುವವನು, ಒಂಬತ್ತರ ವಯಸ್ಸಿನಲ್ಲಿ ಜ್ವರ ನೆತ್ತಿಗೇರಿ ಕಿವಿ ಹೋದವು, ಅಲ್ಲಿಯವರೆಗೆ ಕಲಿತ ಮಾತು ಉಳಿಯಿತು, ಆದರೆ ಎಂಥ ದನಿಯಲ್ಲಿ, ಖಾಲಿ ಕೊಡವನ್ನು ಕಲ್ಲಿನ ಮೇಲೆ ಎಳೆದ ಹಾಗೆ, ಏರಿಲ್ಲ ಇಳಿವಿಲ್ಲ, ಮೆಲ್ಲಗೆ ಅನ್ನುವುದಂತೂ ಗೊತ್ತೇ ಇಲ್ಲ, ಉಪ್ಪು ಕಡಿಮೆಯಾದರೆ ಚಾಳಿಗೆಲ್ಲ ಕೇಳುತ್ತದೆ, ಶನಿವಾರ ಪೇಟೆಯ ಛಾಪಖಾನೆಯಲ್ಲಿ ಮುದ್ರಣ ಯಂತ್ರ ಹೊಡೆಯುವ ಕೆಲಸ, ಅಲ್ಲಿ ಕಿವುಡು ಇದ್ದರೇ ಅನುಕೂಲ, ಸಂಜೆ ಮನೆಗೆ ಬಂದು ಅವಳ ಎದುರು ಕುಕ್ಕರಿಸಿ ವೈನೀ, ಮಾರಿ ಈ ಕಡಿ ಮಾಡು ಅನ್ನುತ್ತಾನೆ, ಮುಖ ತಿರುಗಿಸಿದರೆ ತುಟಿ ನೋಡಿ ಮಾತು ಹಿಡಿಯುತ್ತಾನಂತೆ, ಮದುವೆಯಾಗಿ ಬಂದ ದಿನದಿಂದ ಕಂಡವನು, ಆದರೂ ಸಿಡುಬಿನ ಮೇಲೆ ಒಮ್ಮೆಯೂ ಅವಳು ಆ ಕಡೆ ಮಾಡಿಲ್ಲ, ಗೋಡೆಗೇ ಮಾತಾಡುತ್ತಾಳೆ, ಈ ಮುಖವನ್ನು ಕಿವಿಯೆಂದು ಅಂದುಕೊಂಡು ಒಬ್ಬ ಎವೆಯಿಕ್ಕದೆ ನೋಡುತ್ತ ಕೂರುವುದೆಂದರೆ ಮೈಮೇಲೆ ಹುಳ ಹರಿದ ಹಾಗೆ, ಬೇಕಾದರೆ ಕೇಳಿಸಿಕೊಳ್ಳಲಿ, ಬೇಡವಾದರೆ ಬಿಡಲಿ. ಒಮ್ಮೆ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿದ್ದರು, ಯಾವುದೋ ಸೇವಾ ಮಂಡಳದವರು, ಕುರುಡರಿಗೂ ಕಿವುಡರಿಗೂ ಕೂಡಿಯೇ ಒಂದು ಉಚಿತ ವಿಡಿಯೋ ಆಟ, ಕೈಗೆ ಒಂದು ಬಾಳೆಹಣ್ಣು, ಕೊರಳಿಗೆ ಒಂದು ಚೀಟಿ, ಕುರುಡರು ಎಡಕ್ಕೆ ಕಿವುಡರು ಬಲಕ್ಕೆ, ಗೌರವದ ಸಲುವಾಗಿ ಕುರುಡರನ್ನು ಪರದೆಯ ಹತ್ತಿರ ಕೂರಿಸಿದ್ದರು, ಕಿವುಡರ ಪಕ್ಕ ಕರ್ಣ, ಆ ಕಹಳೆಯಂಥ ಲೌಡ್‌ಸ್ಪೀಕರು, ತಂದು ಇಟ್ಟಿದ್ದರು, ಒಬ್ಬ ದೊಡ್ಡಮನುಷ್ಯ ಮೈಕು ಹಿಡಿದು ಬಂಧು ಭಗಿನಿಯರೇ ಎಂದು ಶುದ್ಧ ಮರಾಠಿಯಲ್ಲಿ ಶುರುವಿಟ್ಟ, ಈಗ ಒಂದು ಅತಿ ಸುಂದರವಾದ ದೃಶ್ಯ, ಎಂದ, ಎಂದು ಆ ಸೌಂದರ್ಯ ಮುಗಿಯುವ ತನಕ ಸುಮ್ಮನಾದ, ಮುಗಿದ ಮೇಲೆ, ಈಗ ದುಃಖದ ದೃಶ್ಯ, ಎಂದ, ಕಿವುಡರ ಸಲುವಾಗಿ ಇನ್ನೊಬ್ಬ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದನಂತೆ, ಹಲಗೆಯನ್ನು ಪರದೆಯ ಮುಂದೆಯೇ ನಿಲ್ಲಿಸಿದ್ದನಂತೆ, ಗುರಣ್ಣ ಮನೆಗೆ ಬಂದು ತನ್ನ ಕೊಡದ ದನಿಯಲ್ಲಿ ಹೇಳಿದ್ದ, ಹಲಗಿ ಚಂದ ಇತ್ತು ವೈನಿ, ಅವಳಿಗೆ ಅಂದು ಅವನ ಮೇಲೆ ಎಳ್ಳಷ್ಟು ಪ್ರೀತಿ ಬಂದಿತ್ತು, ಆದರೆ ಗೋಡೆಗೇ ನಕ್ಕಳು.

ಪಿಟೀಲು ನಿಂತಿತು, ಸಿನಿಮಾ ಮುಗಿಯಿತು, ಮಂದಿ ಮೈ ಮುರಿಯುತ್ತಾರೆ, ಸ್ವಾರಗೇಟಿನ ಕಡೆಯ ಬಸ್ಸುಗಳ ಸದ್ದು ಕಿಟಕಿಯಿಂದ ಮತ್ತೆ ಒಳಗೆ ಬರುತ್ತದೆ, ಮಹಾಲಿಂಗ ಏಳುತ್ತಾನೆ, ಈಗ ಕಲಾನ ಕ್ಯಾಸೆಟ್ ಹಚ್ಚೋಣೇನ್ರಿ — ಕಲಾ ಅಂದರೆ ಕಲ್ಲವ್ವ, ಅಜ್ಜಿಯ ಹೆಸರು ಈ ಊರಿನ ಶಾಲೆಯಲ್ಲಿ ಸಣ್ಣದಾಗಿ ಕಲಾ ಆಯಿತು — ಅವಳು ಸೊಲ್ಲಾಪುರದ ಗಂಡನ ಮನೆಯಿಂದ ಪಂಚಮಿಗೆ ಬರುವಾಗ ಮದುವೆಯ ಕ್ಯಾಸೆಟ್ ತಂದಿದ್ದಾಳೆ, ಇಷ್ಟು ದಿನ ಬೀಗರ ಮನೆಯಲ್ಲೇ ಇತ್ತು, ಅದಕ್ಕಾಗಿಯೇ ಈ ಡಬ್ಬಿ, ಈ ಬಣ್ಣದ ಟೀವಿ, ಈ ಮಂದಿ, ಮತ್ತು ಮುಂಜಾನೆಯಿಂದ ರುದ್ರವ್ವ ಈ ಗೋಡೆಗೆ ಆನಿಕೊಂಡು ಬೇಡದ ಸಿನಿಮಾ ಸಹಿಸಿದ್ದೂ ಅದಕ್ಕಾಗಿಯೇ, ಎದೆ ಹೊಡೆದುಕೊಳ್ಳುತ್ತಿದೆ, ಶಿವ ಶಿವ, ಈ ವಯಸ್ಸಿನಲ್ಲಿ, ಯಾಕೆಂದರೆ ಆ ಕ್ಯಾಸೆಟ್ಟಿನಲ್ಲಿ ಅವನ ದನಿ ಇದೆ, ಬೇರೆ ಎಲ್ಲಿಯೂ ಇಲ್ಲ, ಉಳಿದವರಿಗೆ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಇದೆ, ಅವಳಿಗೆ ಅದು ಒಂದು ಗಾಜಿನ ತುಂಡು, ಒರೆಸುತ್ತಾಳೆ, ವಿಭೂತಿ ಹಚ್ಚುತ್ತಾಳೆ, ಅಷ್ಟೆ, ಆದರೆ ಮದುವೆಯ ದಿನ ಮಂಟಪದ ಬಾಗಿಲಲ್ಲಿ ಅವನು ಸಾರಥಿಯಾಗಿದ್ದ, ವಿಡಿಯೋದವರ ಬೆಳಕಿನೆದುರು ನಿಂತು ಒಬ್ಬೊಬ್ಬ ಬೀಗರನ್ನೂ ಆಟದ ಧಾಟಿಯಲ್ಲಿ ಕೂಗಿ ಕರೆದಿದ್ದ, ಮಂಟಪವೆಲ್ಲ ನಕ್ಕಿತ್ತು, ಅದನ್ನು ಅವಳು ಕೇಳಿದ್ದು ಉಗ್ರಾಣದಿಂದ, ದೂರದಿಂದ, ಅರ್ಧಮರ್ಧ, ಯಾಕೆಂದರೆ ಮುಹೂರ್ತದ ಹೊತ್ತಿಗೆ ಅವಳನ್ನು ಉಗ್ರಾಣದಲ್ಲಿ ಕೂರಿಸಿದ್ದರು, ಕೂರಿಸಿದವನು ಅವನೇ, ಬೆಲ್ಲದ ಚೀಲ ತುಪ್ಪದ ಡಬ್ಬಿಗಳ ನಡುವೆ ಕುರ್ಚಿ ಹಾಕಿ, ಕೀಲಿಯನ್ನು ಅಂಗೈಯಲ್ಲಿಟ್ಟು ಬೆರಳು ಮಡಿಸಿ, ಉಗ್ರಾಣಕ್ಕ ನೀನ ಅರಸಿ, ನಿನ್ನ ಬಿಟ್ರ ಯಾರ ಮ್ಯಾಲೂ ನಂಗ ನಂಬಿಕಿಲ್ಲ ನೋಡು, ಎಂದಿದ್ದ, ಅಕ್ಷತೆ ಅಲ್ಲಿಗೇ ತಂದುಕೊಟ್ಟರು, ಗೋಡೆಯ ಆಚೆ ವಾಲಗ ಏರಿದಾಗ ಅವಳು ಆ ಕಡೆಗೆ ಎರಚಿದಳು, ತುಪ್ಪ ಕೇಳಲು ಬಂದ ಬಸವಣ್ಣೆವ್ವನನ್ನು ಎರಡು ಸಲ ಹೊರಳಿಸಿ ಕಳಿಸಿದ್ದೂ ನೆನಪಿದೆ, ಅರಸಿಯಲ್ಲವೇ, ಮಗಳ ಕೊರಳಿಗೆ ತಾಳಿ ಬಿದ್ದಾಗ ಹತ್ತಿರವಿರಲಿಲ್ಲವಲ್ಲ ಎಂದು ಒಂದು ಸಣ್ಣ ಮುಳ್ಳು ಇತ್ತು, ಕೀಲಿಯನ್ನು ಒತ್ತಿ ಹಿಡಿದಾಗ ಅದು ಮುರಿದುಹೋಯಿತು.

ಖಟ್ಟೆಂದಿತು ಡಬ್ಬಿ, ಕ್ಯಾಸೆಟ್ಟನ್ನು ನುಂಗಿತು, ಗುಂಯ್ ಎಂದು ತಿರುಗಿತು, ಮೊದಲು ಮರಳು ಸುರಿದ ಸದ್ದು, ಆಮೇಲೆ ಶಹನಾಯಿ, ಬರಲಿ, ಮದುವೆಯೆಂದರೆ ಶಹನಾಯಿ, ಗಣಪತಿ ಬಂದ ಅತ್ತಿ, ಎಂದಳು ಬಸವಣ್ಣೆವ್ವ, ಕಲಾನ ಹೆಸರು ಬಂತು, ಹೂವು ಬಂತು, ಹೂವಿನಾಗ ಕಲಾನ ಮಾರಿ ಗರಗರ ತಿರಗಾಕತ್ತದ, ಮುಖ ಯಾಕೆ ತಿರುಗುತ್ತದೆ ಹೂವಿನಲ್ಲಿ, ಇರಲಿ, ಹುಚ್ಚರು, ಅರಿಷಿಣ ಹಚ್ಚಾಕತ್ತಾರ, ನಾ ಅದೀನಿ ನೋಡ್ರಿ, ಹಸರು ಸೀರಿ, ಸೊಸೆಯ ದನಿಯಲ್ಲಿ ಎಂದೂ ಇಲ್ಲದ ಉತ್ಸಾಹ, ತನ್ನನ್ನು ಕಂಡಾಗ ಎಲ್ಲರಿಗೂ ಬಾಯಿ ಬರುತ್ತದೆ, ಅಂವಾ ಅಕಿ ಎಲ್ಲ ಹೋಗಿ ಹೆಸರುಗಳು ಬರುತ್ತವೆ, ನಾ ಎಲ್ಲದೀನಿ, ಎಂದು ರುದ್ರವ್ವ ಕೇಳಿದಳು, ಅದೀರಿ ಅತ್ತಿ, ಅಲ್ಲೇ ಅದೀರಿ, ಎಂಬ ಉತ್ತರ ಒಂದು ಗುಟುಕು ತಡವಾಗಿ ಬಂತು, ಶಹನಾಯಿ ನಿಂತು ಸಿನಿಮಾ ಹಾಡು ಬಂತು, ಗಂಡೊಂದು ಹೆಣ್ಣೊಂದು ಬೆಟ್ಟದ ಮೇಲೆ ನಿಂತು ಕೂಗಿಕೊಳ್ಳುವಂಥ ಹಾಡು, ಅದು ಮುಗಿದು ಮತ್ತೆ ಶಹನಾಯಿ, ಮತ್ತೊಂದು ಹಾಡು, ಇವರು ಮಂತ್ರ ಎಲ್ಲಿಟ್ಟರು, ಹೆಂಗಸರ ಸೋಬಾನೆ ಎಲ್ಲಿಟ್ಟರು, ಪಾತ್ರೆ ಬಿದ್ದ ಸದ್ದು, ಕೂಸು ಅತ್ತ ಸದ್ದು, ಮದುವೆಯ ಸದ್ದು ಎಲ್ಲಿ — ಯವ್ವಾ, ಅಪ್ಪ ಬಂದ, ಎಂದಳು ಕಲಾ, ಬಾಗಲಾಗ ನಿಂತಾನ, ರುಮಾಲು ಸುತ್ಯಾನ, ರುದ್ರವ್ವ ಗೋಡೆಯಿಂದ ಬೆನ್ನು ತೆಗೆದಳು, ಮೊಣಕಾಲ ಮೇಲೆ ಎದ್ದಳು, ಶಹನಾಯಿ, ಸುಮ್ಕಿರ್ರಿ ಎಲ್ಲಾರೂ, ಎಂದಳು, ಎಲ್ಲರೂ ಸುಮ್ಮನಾದರು, ಶಹನಾಯಿ ಮಾತ್ರ ಸುಮ್ಮನಾಗಲಿಲ್ಲ, ಮಾತಾಡವಲ್ಲನೇನ, ಮಾತಾಡಾಕತ್ತಾರ ಅತ್ತಿ, ತುಟಿ ಅಲ್ಲಾಡಾಕತ್ತಾವ, ಮತ್ತ ದನಿ, ದನಿ ಇಲ್ಲ ಅತ್ತಿ, ದನೀ ಜಾಗಾದಾಗ ಶಹನಾಯಿ ಅದ. ಮಹಾಲಿಂಗ ನಡುವೆ ಬಾಯಿ ಹಾಕಿದ, ಎಲ್ಲಾ ಮದವಿ ವಿಡಿಯೋಕ್ಕೂ ಹಂಗ ಮಾಡ್ತಾರಬೇ, ಸುಂದರ ಭಾಳ ಶಾಣ್ಯಾ, ಗದ್ದಲಾ ಎಲ್ಲಾ ಅಳಿಸಿ ಹಾಡು ಹಾಕ್ಯಾನ, ಬೀಗರು ಭಾಳ ಹೊಗಳ್ಯಾರ. ಗದ್ದಲ. ಸುಂದರ ಎಂದರೆ ಸ್ವಾರಗೇಟಿನ ಹತ್ತಿರ ಸ್ಟುಡಿಯೋ ಇಟ್ಟ ವಿಡಿಯೋದವನು, ತಮ್ಮ ಕಡೆಯವನೇ, ಕನ್ನಡದವನೇ, ಆ ಕನ್ನಡದ ಕೂಸು ಒಬ್ಬ ಮನುಷ್ಯನ ದನಿಯನ್ನು ಗದ್ದಲವೆಂದು ತಿಳಿದು ಅಳಿಸಿದ್ದಾನೆ, ಕಸ ಗುಡಿಸಿದ ಹಾಗೆ, ಮೊದಲಿನದು ಎಲ್ಲಿದೆ, ಎಲ್ಲಿಯೂ ಇಲ್ಲಬೇ, ಅದರ ಮ್ಯಾಲೇ ಹಾಕ್ತಾರ, ಹೂಂ, ಅದರ ಮೇಲೆಯೇ, ಗೋರಿಯ ಮೇಲೆ ಗೋರಿ, ಇಷ್ಟು ಮಂದಿ ಕಣ್ಣಿದ್ದವರು ಸೊಲ್ಲಾಪುರದಲ್ಲಿ ಎಷ್ಟು ಸಲ ಇದನ್ನು ನೋಡಿರಬೇಕು, ಒಬ್ಬರಿಗೂ ಏನೂ ಕಡಿಮೆಯಾದ ಹಾಗೆ ಅನ್ನಿಸಲಿಲ್ಲ, ಅವನಿದ್ದಾನೆ, ರುಮಾಲಿದೆ, ತುಟಿ ಅಲ್ಲಾಡುತ್ತಿವೆ, ಮತ್ತೇನು ಬೇಕು, ಟೀವಿಯ ಗಾಜಿನ ಹಿಂದೆ ತುಟಿ ಅಲ್ಲಾಡುತ್ತಿವೆ, ಅವಳ ಎದುರಿಗೇ, ಅವಳ ಕೈಯಳತೆಯಲ್ಲೇ, ಊದಿ ಊದಿ ಸಾಯಲಿ ಈ ಶಹನಾಯಿ.

ಆಗ ಕೊಡ ಕಲ್ಲಿನ ಮೇಲೆ ಸರಿಯಿತು. ಬಂದಂಥವರು ಯಾರು, ಎಂದಿತು ಕೊಡ. ಬಂದಂಥವರು ಯಾರು, ಸೊಲ್ಲಾಪುರದಿಂದ ಬಿಳೀ ಮೋಟಾರಿನಾಗ ಬಂದು, ಅರ್ಧಾ ದಾರ್ಯಾಗ ಮೋಟಾರ ನೂಕ್ಕೋತ ಬಂದು, ದೋತರಕ್ಕ ಕೆಸರು ಹಚಗೊಂಡು ನಿಂತಂಥವರು ಯಾರು, ಇವರು ನಮ್ಮ ಬೀಗರು ಶಿವರುದ್ರಪ್ಪನವರೇ ಆಗಬೇಕು — ಏರಿಲ್ಲ, ಇಳಿವಿಲ್ಲ, ಧಾಟಿಯಿಲ್ಲ, ಪಟ್ಟಿಯ ಮೇಲಿನ ಸಾಮಾನು ಓದಿದ ಹಾಗೆ ಗುರಣ್ಣ ಓದುತ್ತಿದ್ದಾನೆ, ಕಾಕಾ, ಏನ್ ಮಾಡ್ತಿ, ಎಂದ ಮಹಾಲಿಂಗ, ಅವನಿಗೆ ಕೇಳಿಸಬೇಕಲ್ಲ, ಅವನ ಕಣ್ಣು ಗಾಜಿನ ಮೇಲೆ, ಬಂದಂಥವರು ಯಾರು, ಕಿವ್ಯಾಗ ಹತ್ತಿ, ಹತ್ತ್ಯಾಗ ಅತ್ತರು, ಅತ್ತರಿಗೆ ಹೆದರಿ ನಾಕು ಮಾರು ಹಿಂದ ನಿಂತಂಥ ಹೆಂಡ್ತಿ, ಕಲಾ ಕಿಸಕ್ಕನೆ ನಕ್ಕಳು, ನಕ್ಕು ಅತ್ತಳು, ಹೌದು ಯವ್ವಾ, ನಮ್ಮ ಸಣ್ಣ ಮಾವ ಅದಾರ, ಕಿವ್ಯಾಗ ಹತ್ತಿ ಕಾಣ್ತದ, ಅಪ್ಪ ಹಿಂಗ ಅಂದಿದ್ದ, ನಂಗ ನೆನಪದ — ರುದ್ರವ್ವನಿಗೆ ಗೊತ್ತು, ಹಿಂಗೇ ಅಂದಿದ್ದ, ಹತ್ತಿ, ಅತ್ತರು, ಅಂದು ಉಗ್ರಾಣದ ಗೋಡೆ ಅರ್ಧ ತಿಂದಿದ್ದ ಮಾತುಗಳು ಈಗ ಪೂರ್ತಿಯಾಗಿ ಬರುತ್ತಿವೆ, ಆ ಒಡಕು ದನಿಯ ಅಡಿಯಲ್ಲಿ ಇನ್ನೊಂದು ದನಿ ಏಳುತ್ತಿದೆ, ಪಂಜಿನ ವಾಸನೆ, ಎಲೆಯಡಿಕೆಯ ವಾಸನೆ, ಇಷ್ಟು ವರ್ಷ ಕಣ್ಣಿದ್ದವರು ಒಬ್ಬರೂ ಮಾಡದ ಕೆಲಸವನ್ನು ಈ ಕಿವುಡ, ಛಾಪಖಾನೆಯ ಈ ಎತ್ತು, ತುಟಿ ನೋಡಿ ಮಾತು ಹಿಡಿಯುತ್ತೇನೆ ಎಂದಾಗ ಗೋಡೆಗೆ ನಕ್ಕೆನಲ್ಲ, ಇನ್ನೂ ಹೇಳು, ಇನ್ನೂ ಹೇಳೋ ನನ್ನಪ್ಪಾ, ಬಂದಂಥವರು ಯಾರು, ಮುಗೀತು ಬೀಗರ ಮಂದಿ, ಎಂದಿತು ಕೊಡ, ಈಗ ಅಣ್ಣ ಕ್ಯಾಮರಾದ ಹತ್ತರ ಬಂದ, ಮಾರಿ ದೊಡ್ಡದಾತು, ಮೀಸಿ ಒರಸ್ಕೊಂಡ, ಮೀಸಿ ಎಲ್ಲಾ ಬೆಳ್ಳಗ, ಅವಳು ಆ ಬಿಳಿ ಮೀಸೆಯನ್ನು ಕಂಡಿಲ್ಲ, ತೆಳ್ಳನೆಯ ಕರಿಯದನ್ನೇ ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆ, ಸುಂದರಗ ಏನೋ ಹೇಳಾಕತ್ತಾನ, ಸುಂದರಾ, ಉಗ್ರಾಣದ ಕಡಿ ಕ್ಯಾಮರಾ ತಿರಗಿಸಬ್ಯಾಡಪಾ, ಮುದುಕಿನ್ನ ಅಲ್ಲಿ ಕೂಡಸೇನಿ, ಆ ಮಾರಿ ವಿಡಿಯೋದಾಗ ಬಂದ್ರ —

ನಿಂತಿತು. ಕೊಡ ನಿಂತಿತು, ಶಹನಾಯಿ ಹರಿಯುತ್ತಿದೆ. ಕಾಕಾಗ ಏನ್ ತಿಳೀತದಬೇ, ಏನರೆ ಒಂದು ಅಂತಾನ, ಬಂದ್ ಮಾಡ್ತೀನಿ ತಡಿ, ಎಂದ ಮಹಾಲಿಂಗ, ಬಹಳ ಬೇಗ ಅಂದ, ಅಲ್ಲೇ ಅದೀರಿ ಅತ್ತಿ ಎಂದಿದ್ದ ಬಸವಣ್ಣೆವ್ವನ ಸೀರೆ ಸರಸರನೆ ಹಿಂದೆ ಸರಿಯಿತು, ಕಲಾನ ಬಳೆಗಳು ಮುಖದ ಹತ್ತಿರ ಹೋದವು, ಬಾಯಿ ಮುಚ್ಚಿಕೊಂಡಿರಬೇಕು, ಶಿಂದೆ ಬಾಯಿಗೆ ಕನ್ನಡ ತಿಳಿಯದು, ಕಾಯ ಝಾಲಂ ಎಂದು ಪಿಸುಗುಟ್ಟಿದಳು, ಏನಾಯಿತು ಎಂದರೆ ಏನು ಹೇಳುವುದು ತಾಯಿ — ಕೈ ಹಚ್ಚಬ್ಯಾಡ ಮಹಾಲಿಂಗಾ, ಎಂದಳು ರುದ್ರವ್ವ, ಎಂದು ಇಷ್ಟು ವರ್ಷ ಗೋಡೆಗೇ ಇಟ್ಟಿದ್ದ ಮುಖವನ್ನು ತಿರುಗಿಸಿದಳು, ಒಡಕು ಉಸಿರು ಎಲ್ಲಿಂದ ಬರುತ್ತಿತ್ತೋ ಆ ಕಡೆಗೆ, ಕುಳಿಗೆ ಕುಳಿಯಿದ್ದ ಮುಖವನ್ನು ಪೂರ್ತಿಯಾಗಿ ಬಿಚ್ಚಿ ಹಿಡಿದಳು, ಗುರಣ್ಣಾ, ಪೂರಾ ಹೇಳು, ತುಟಿಯನ್ನು ಅಗಲಿಸಿ ಅಗಲಿಸಿ ಅಂದಳು, ಹೇಳು, ಅವನು ನೋಡಿದ, ನೋಡಿದ್ದು ಅವಳಿಗೆ ತಿಳಿಯಿತು, ಮೈಮೇಲೆ ಹುಳ ಹರಿಯಲಿಲ್ಲ, ವೈನೀ ಬ್ಯಾಡ, ಎಂದ, ಹೇಳು, ಎಂದಳು, ಮತ್ತೆ ಮೊದಲಿಂದ ಹಚ್ಚು ಮಹಾಲಿಂಗಾ, ಡಬ್ಬಿ ಕಿರ್ರೆಂದು ಹಿಂದಕ್ಕೆ ಓಡಿತು, ಖಟ್ಟೆಂದಿತು, ಶಹನಾಯಿ, ಮತ್ತು ಗುರಣ್ಣ, ಮೆಲ್ಲಗೆ ಅನ್ನುವುದನ್ನು ಅರಿಯದವನು, ಚಾಳಿಗೆಲ್ಲ ಕೇಳುವಂತೆ ಓದಿದ, ಉಗ್ರಾಣದ ಕಡಿ ಕ್ಯಾಮರಾ ತಿರಗಿಸಬ್ಯಾಡಪಾ, ಮುದುಕಿನ್ನ ಅಲ್ಲಿ ಕೂಡಸೇನಿ, ಆ ಮಾರಿ ವಿಡಿಯೋದಾಗ ಬಂದ್ರ ಬೀಗರು ನಾಳಿ ತಮ್ಮ ಮಂದಿಗೆ ಹೆಂಗ ತೋರಿಸ್ತಾರ, ಕೀಲಿ ಕೊಟ್ಟೇನಿ ಕೈಯಾಗ, ಭಾಳ ಖುಷೀಲೆ ಕೂತಾಳ, ಆಮ್ಯಾಲ ನಗ್ತಾನ, ಎಂದ ಗುರಣ್ಣ, ನಗೂ ಅದ.

ಮಳೆ ಜೋರಾಗಿದೆ, ತಗಡಿನ ಮೇಲೆ, ಯಾರೋ ಎದ್ದು ಹೊರಗೆ ಹೋದರು, ಚಪ್ಪಲಿ ಸಿಗದೆ ತಡಕಾಡಿದರು, ಬಂದಂಥವರು ಯಾರು, ಹೋದಂಥವರು ಯಾರು, ಭಾಳ ಖುಷೀಲೆ ಕೂತಾಳ, ಹೌದು, ಕೂತಿದ್ದೆ, ತುಪ್ಪದ ಡಬ್ಬಿಗಳಿಗೆ ಅರಸಿಯಾಗಿ ಕೂತಿದ್ದೆ, ಅಕ್ಷತೆಯನ್ನು ಗೋಡೆಗೆ ಎರಚಿದೆ, ಪೋತದಾರ ಮಾಸ್ತರರ ಮುಖ ಅವರೆದುರೇ ಹಾಡಿದವನು ಯಾರಾದರೂ ಹೊಸಬರು ಬಂದಾಗ ನನ್ನ ಕಡೆ ಕೈಮಾಡಿ ದನಿಯಿಲ್ಲದೆ ಏನು ಹಾಡುತ್ತಿದ್ದನೋ, ಬಂದವರು ನಗುತ್ತಿದ್ದರಲ್ಲ, ನಾನೂ ನಗುತ್ತಿದ್ದೆನಲ್ಲ, ಯಾತಕ್ಕೆ ನಕ್ಕರೆಂದು ಒಮ್ಮೆ ಕೇಳಲಿಲ್ಲ, ದೇವರಂಥ ಮನುಷ್ಯ, ಇನ್ನೊಂದು ಮಾಡಿಕೊಳ್ಳಲಿಲ್ಲ, ಕರೆದುಕೊಂಡು ಬಂದ, ಕೂಡಿಸಿದ, ಕೀಲಿ ಕೊಟ್ಟ — ಯವ್ವಾ, ಅಪ್ಪ ಹಂಗ ಅಂದಿರಾಕಿಲ್ಲ, ಕಲಾ ಅಳುತ್ತಿದ್ದಾಳೆ, ಸುಮ್ಕಿರ ನೀ, ನಿಂಗೇನು ಗೊತ್ತು, ಮತ್ತೊಮ್ಮಿ ಹಚ್ಚು ಮಹಾಲಿಂಗಾ, ಸಾಕಬೇ, ಹಚ್ಚು, ಆ ಬಾಯಿ ಬಂದಲ್ಲಿ ನಿಂದರಸು, ಕಿರ್ರೆಂದು ಓಡಿತು, ಖಟ್ಟೆಂದಿತು, ಶಹನಾಯಿ ಬಂತು, ಖಟ್ಟೆಂದಿತು, ಶಹನಾಯಿ ನಿಂತಿತು, ಡಬ್ಬಿಯೊಳಗೆ ಮಾತ್ರ ಏನೋ ಗರಗರ ತಿರುಗುತ್ತಿದೆ, ಮಳೆ, ಅವಳು ಮೊಣಕಾಲ ಮೇಲೆ ಮುಂದೆ ಮುಂದೆ ಹೋದಳು, ಉಂಡಿಯ ತಾಟು ಒದೆಸಿಕೊಂಡಿತು, ಕೈ ಚಾಚಿದಳು, ಎಲ್ಲದ ಬಾಯಿ, ಎಂದು ಗುರಣ್ಣನ ಕಡೆ ಮುಖ ಮಾಡಿ ಕೇಳಿದಳು, ಸುಣ್ಣ ಬಳಿದ ಹಾಗೆ ಒರಟಾದ ಅವನ ಕೈ ಅವಳ ಬೆರಳನ್ನು ಹಿಡಿದು ಒಯ್ದು ಇಟ್ಟಿತು, ಇಲ್ಲಿ, ಬೆಚ್ಚಗಿನ ಗಾಜು, ಬೆರಳ ತುದಿಗೆ ಚುರುಚುರು ಎಂದು ಇರುವೆ ಹರಿದ ಹಾಗೆ, ಬಾಯಿ ತೆರದದೋ ಮುಚ್ಚದೋ, ತೆರದದ ವೈನಿ, ಅರ್ಧಾ ತೆರದದ, ನಿಂತೇತಿ ಖರೆ, ಸ್ಥಿರ ನಿಂತಿಲ್ಲ, ನಡಗಾಕತ್ತದ, ನಡುಗುತ್ತಿದೆ, ಗಾಜಿನ ಹಿಂದೆ ತುಟಿ, ಬಿಳಿಯ ಮೀಸೆಯ ಕೆಳಗೆ ತುಟಿ, ನುಣ್ಣಗೆ, ಕುಳಿಯಿಲ್ಲ, ತಗ್ಗಿಲ್ಲ ಉಬ್ಬಿಲ್ಲ, ಅವಳು ಬೆರಳು ಸರಿಸಿದಳು, ಅಲ್ಲಿಯೂ ನುಣ್ಣಗೆ, ಎಲ್ಲಿಟ್ಟರೂ ನುಣ್ಣಗೆ, ಅದರ ಹಿಂದೆ ಅರ್ಧ ತೆರೆದ ತುಟಿ, ದನಿಯಿಲ್ಲದ ತುಟಿ, ನಗಲು ಹೊರಟು ನಿಂತ ತುಟಿ, ಗಾಜು, ಗಾಜಿನ ಹಿಂದೆ ತುಟಿ, ಗಾಜು —